'ಸ್ಕೆಚಸ್ ಆಫ್ ಸ್ಪೇನ್': ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಆಲ್ಬಂ? ಯಾರದು?

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ (1926–1991) ಮತ್ತು ಕೆನಡಾದಲ್ಲಿ ಹುಟ್ಟಿದ ಸಂಗೀತ ಸಂಯೋಜಕ ಗಿಲ್ ಇವಾನ್ಸ್ (1912–1988) ಸೇರಿ ಕೊಲಂಬಿಯಾ ಕಂಪನಿಗೆ ಮಾಡಿದ ಸ್ಟುಡಿಯೊ ಆಲ್ಬಂ. ಮೊದಲ ಮತ್ತು ಅತಿ ಉದ್ದದ ಕೃತಿ 1959ರ ನವೆಂಬರ್‌ನಲ್ಲಿ ಧ್ವನಿಮುದ್ರಣವಾಯಿತು, ಉಳಿದ ನಾಲ್ಕು 1960ರ ಮಾರ್ಚ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಎಲ್‌ಪಿ ಹೊರಬಂತು. ನಿರ್ಮಾಪಕರು ಟಿಯೊ ಮಸೇರೊ ಮತ್ತು ಅರ್ವಿಂಗ್ ಟೌನ್‌ಸೆಂಡ್. ಐದು ನಿಮಿಷಕ್ಕಿಂತ ದೀರ್ಘವಾದ ಜಾಝ್ ರಚನೆಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ಡೇವಿಸ್ ಮತ್ತು ಇವಾನ್ಸ್ ಇಬ್ಬರಿಗೂ ಸೇರಿ ಬಂತು. ಅದು ನ್ಯಾಯವೇ. ಇಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರದರಿಂದ ಬಿಡಿಸಿ ತೂಗಲು ಬರುವುದಿಲ್ಲ.

ಮುಖಪುಟದ ಮೇಲೆ ಮೈಲ್ಸ್ ಹೆಸರು ದೊಡ್ಡದಾಗಿದೆ. ಹಾಗಾದರೆ ಗಿಲ್ ಇವಾನ್ಸ್ ನಿಜವಾಗಿ ಮಾಡಿದ್ದೇನು?

ಟ್ರಂಪೆಟ್ ಒಂದನ್ನು ಬಿಟ್ಟು ಕಿವಿಗೆ ಬೀಳುವ ಮಿಕ್ಕೆಲ್ಲದರ ರೂಪ ಅವರದು. ಯಾವ ಸ್ವರವನ್ನು ಯಾವ ವಾದ್ಯಕ್ಕೆ ಕೊಡಬೇಕು, ಯಾರ ಜೊತೆ ಯಾರನ್ನು ಸೇರಿಸಬೇಕು, ಎಲ್ಲಿ ಎಲ್ಲರನ್ನೂ ಸುಮ್ಮನಾಗಿಸಬೇಕು ಎಂಬುದನ್ನೆಲ್ಲ ಬರೆದು, ಸ್ಟುಡಿಯೊದಲ್ಲಿ ನಿಂತು ವೃಂದವನ್ನು ನಡೆಸಿದವರು ಅವರೇ. ಹಳೆಯ ರಾಗವೊಂದಕ್ಕೆ ಹಿನ್ನೆಲೆ ಜೋಡಿಸುವುದಕ್ಕೂ ಇದಕ್ಕೂ ಅಜಗಜಾಂತರ. ಮೊದಲ ಕೃತಿ 'ಕೊನ್ಸಿಯೆರ್ತೊ ದೆ ಅರಾನ್‌ಹ್ವೆಸ್' ಸ್ಪೇನಿನ ಸಂಯೋಜಕ ರೊದ್ರಿಗೊ ಅವರದು; ಅದರ ನಡುವೆ ಮೂಲದಲ್ಲಿ ಇಲ್ಲವೇ ಇಲ್ಲದ ಭಾಗವೊಂದನ್ನು ಇವಾನ್ಸ್ ಸೇರಿಸಿದ್ದಾರೆ. ಕೊನೆಯ ಎರಡು ಕೃತಿಗಳಾದ 'ಸಯೆಟಾ' ಮತ್ತು 'ಸೊಲೆಯಾ' ಅವರ ಹೆಸರಿನಲ್ಲೇ ಇವೆ.

ಅವರ ಕೈಚಳಕ ಎಲ್ಲಿಂದ ಬಂತೆಂದು ತಿಳಿಯಲು 1940ರ ದಶಕಕ್ಕೆ ಹೋಗಬೇಕು. ಕ್ಲಾಡ್ ಥಾರ್ನ್‌ಹಿಲ್ ಎಂಬುವರ ನೃತ್ಯವೃಂದಕ್ಕೆ ಇವಾನ್ಸ್ ಸಂಗೀತ ಹೊಂದಿಸಿ ಬರೆಯುತ್ತಿದ್ದರು. ಆ ವೃಂದದಲ್ಲಿ ಫ್ರೆಂಚ್ ಹಾರ್ನ್, ಟ್ಯೂಬಾ ಇದ್ದವು, ಮತ್ತು ವಾದಕರು ಸ್ವರವನ್ನು ಅಲುಗಿಸದೆ ನೇರವಾಗಿ ಹಿಡಿಯುತ್ತಿದ್ದರು. ಮೋಡ ಕವಿದಂತೆ ನಿಂತಲ್ಲೇ ನಿಲ್ಲುವ ಆ ನಾದವನ್ನು ಕೇವಲ ಒಂಬತ್ತು ಜನರಲ್ಲಿ ಹಿಡಿಯುವ ಪ್ರಯತ್ನವೇ 1949–50ರಲ್ಲಿ ಮೈಲ್ಸ್ ಮುಂದಾಳತ್ವದ ನೋನೆಟ್. ನ್ಯೂಯಾರ್ಕಿನ 55ನೇ ಬೀದಿಯಲ್ಲಿ ಇವಾನ್ಸ್ ವಾಸವಿದ್ದ ನೆಲಮಾಳಿಗೆಯ ಕೋಣೆಯೇ ಆ ಗೆಳೆಯರು ಸೇರುವ ಜಾಗವಾಗಿತ್ತು. 1957ರಲ್ಲಿ 'ಮೈಲ್ಸ್ ಅಹೆಡ್', 1958ರಲ್ಲಿ 'ಪೋರ್ಗಿ ಆ್ಯಂಡ್ ಬೆಸ್' ಆದವು. ದೊಡ್ಡ ವೃಂದದೊಂದಿಗೆ ಇಬ್ಬರೂ ಕೂಡಿ ಮಾಡಿದ ಮೂರನೆಯ ಆಲ್ಬಂ ಈ 'ಸ್ಕೆಚಸ್ ಆಫ್ ಸ್ಪೇನ್'.

ವೃಂದದಲ್ಲಿ ಎಷ್ಟು ಜನ? ಯಾವ ಯಾವ ವಾದ್ಯ?

ಮೈಲ್ಸ್ ಸೇರಿ ಸುಮಾರು ಇಪ್ಪತ್ತು ಜನ. ನವೆಂಬರ್‌ಗೂ ಮಾರ್ಚ್‌ಗೂ ಕೆಲವರು ಬದಲಾಗಿದ್ದಾರೆ. ಟ್ರಂಪೆಟ್ ಸಾಲಿನಲ್ಲಿ ಅರ್ನಿ ರಾಯಲ್, ಬರ್ನಿ ಗ್ಲೋ, ಲೂಯಿಸ್ ಮೂಚಿ, ಟಾಫ್ಟ್ ಜೋರ್ಡನ್, ಜಾನಿ ಕೋಲ್ಸ್ ಅವರಂಥವರು. ಜೊತೆಗೆ ಟ್ರಾಂಬೋನ್, ಮೂರು ಫ್ರೆಂಚ್ ಹಾರ್ನ್, ಟ್ಯೂಬಾ, ಕೊಳಲು ಜಾತಿಯ ಫ್ಲೂಟುಗಳು, ಓಬೊ, ಬಸೂನ್, ಡ್ಯಾನಿ ಬ್ಯಾಂಕ್ ಅವರ ಬಾಸ್ ಕ್ಲಾರಿನೆಟ್, ಜಾನೆಟ್ ಪಟ್ನಮ್ ಅವರ ಹಾರ್ಪ್. ಮೈಲ್ಸ್ ಅವರ ಸ್ವಂತ ತಂಡದಿಂದ ಬಂದವರು ಇಬ್ಬರೇ: ಬಾಸ್ ನುಡಿಸುವ ಪಾಲ್ ಚೇಂಬರ್ಸ್ ಮತ್ತು ಡ್ರಮ್ಸ್‌ನ ಜಿಮ್ಮಿ ಕಾಬ್. ತಾಳವಾದ್ಯಕ್ಕೆ ಎಲ್ವಿನ್ ಜೋನ್ಸ್ ಕೂಡ ಇದ್ದಾರೆ.

ಇರುವವರ ಪಟ್ಟಿಗಿಂತ ಇಲ್ಲದವರ ಪಟ್ಟಿ ಹೆಚ್ಚು ಹೇಳುತ್ತದೆ. ಸ್ಯಾಕ್ಸೊಫೋನ್ ಇಲ್ಲ, ಪಿಯಾನೊ ಇಲ್ಲ, ಪಿಟೀಲು ಇಲ್ಲ, ಗಿಟಾರ್ ಇಲ್ಲ. ಬಿಗ್ ಬ್ಯಾಂಡ್ (ಜಾಝ್‌ನ ದೊಡ್ಡ ವೃಂದ) ಎಂದರೆ ಸ್ಯಾಕ್ಸೊಫೋನ್ ಸಾಲು ಎಂದೇ ಆಗಿದ್ದ ಕಾಲದಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದ್ದು ಚಿಕ್ಕ ನಿರ್ಧಾರವಲ್ಲ. ಸ್ಯಾಕ್ಸೊಫೋನ್ ಮಧ್ಯಸ್ಥಾಯಿಯನ್ನು ತುಂಬಿಬಿಡುತ್ತದೆ, ಮೈಲ್ಸ್ ಅವರ ಮೆಲುದನಿ ನಿಲ್ಲುವ ಜಾಗವೂ ಅದೇ. ಇವಾನ್ಸ್ ಆ ಜಾಗ ಖಾಲಿ ಮಾಡಿಸಿ, ಮೇಲೆ ಫ್ಲೂಟುಗಳನ್ನೂ ಕೆಳಗೆ ಬಾಸ್ ಕ್ಲಾರಿನೆಟ್, ಟ್ಯೂಬಾಗಳನ್ನೂ ಇಟ್ಟರು. ಇಪ್ಪತ್ತು ಜನರ ನಡುವೆ ಒಬ್ಬರ ಉಸಿರು ಕೇಳಿಸುವುದು ಈ ಕಾರಣಕ್ಕೆ.

'ಕೊನ್ಸಿಯೆರ್ತೊ ದೆ ಅರಾನ್‌ಹ್ವೆಸ್' ಗಿಟಾರಿಗಾಗಿ ಬರೆದದ್ದು. ಗಿಟಾರೇ ಇಲ್ಲದೆ ಹೇಗೆ?

ಸ್ಪೇನಿನ ಹೊಆಕಿನ್ ರೊದ್ರಿಗೊ ಇದನ್ನು 1939ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಬರೆದರು. ಮೊದಲ ಪ್ರದರ್ಶನ 1940ರ ನವೆಂಬರ್‌ನಲ್ಲಿ, ಬಾರ್ಸಿಲೋನಾದಲ್ಲಿ. ಮೂರನೇ ವಯಸ್ಸಿನಲ್ಲಿ ಡಿಫ್ತೀರಿಯಾದಿಂದ ದೃಷ್ಟಿ ಕಳೆದುಕೊಂಡಿದ್ದ ರೊದ್ರಿಗೊ ಬ್ರೈಲ್ ಲಿಪಿಯಲ್ಲೇ ಸಂಗೀತ ಬರೆಯುತ್ತಿದ್ದರು. ಮೂರು ಭಾಗಗಳ ಕೃತಿಯಲ್ಲಿ ಇವಾನ್ಸ್ ತೆಗೆದುಕೊಂಡದ್ದು ನಡುವಣ ನಿಧಾನಗತಿಯ ಅಡಾಜಿಯೊ ಒಂದನ್ನೇ.

ಮೂಲದಲ್ಲಿ ಗಿಟಾರ್ ಮೆಲ್ಲಗೆ ತಂತಿ ಸವರುತ್ತದೆ, ಅದರ ಮೇಲೆ ಕಾರ್ ಆಂಗ್ಲೆ ಎಂಬ ಓಬೊ ಜಾತಿಯ ವಾದ್ಯ ರಾಗವನ್ನು ಹಾಡುತ್ತದೆ, ಆಮೇಲೆ ಗಿಟಾರ್ ಅದನ್ನೇ ಅಲಂಕರಿಸಿ ಹೇಳುತ್ತದೆ. ಅಂದರೆ ಮೂಲದಲ್ಲೂ ಆ ರಾಗ ಮೊದಲು ಕೇಳುವುದು ಊದುವ ವಾದ್ಯದಲ್ಲೇ. ಇವಾನ್ಸ್ ಹಿಡಿದದ್ದು ಈ ಎಳೆಯನ್ನು. ಗಿಟಾರಿನ ನಾದ ಮೀಟಿದ ಕೂಡಲೇ ಸೋರಿಹೋಗುತ್ತದೆ, ಅದಕ್ಕೇ ಅದಕ್ಕೆ ಅಷ್ಟು ಗಮಕ, ಅಷ್ಟು ಸೂಕ್ಷ್ಮ ಕುಸುರಿ. ಟ್ರಂಪೆಟ್ ಸ್ವರವನ್ನು ಹಿಡಿದು ನಿಲ್ಲಬಲ್ಲದು. ಹಾಗಾಗಿ ಮೈಲ್ಸ್ ಕುಸುರಿಯನ್ನು ಕಡಿಮೆ ಮಾಡಿ, ಸ್ವರದ ಕೊನೆಯನ್ನು ಹೇಗೆ ಬಿಡಬೇಕು ಎಂಬುದರ ಮೇಲೆ ಪ್ರಾಣವಿಟ್ಟರು. ತಂತಿವಾದ್ಯಗಳ ಹಾಸನ್ನು ಫ್ಲೂಟು, ಹಾರ್ನ್, ಹಾರ್ಪ್‌ಗಳಿಗೆ ಹಂಚಿದ್ದಾರೆ. ಶುರುವಿನಲ್ಲಿ ಬಹಳ ಮೆಲ್ಲಗೆ ಕೇಳುವ ಕಟಕಟ ಸದ್ದು ಕ್ಯಾಸ್ಟನೆಟ್ಸ್ ಎಂಬ ಚಿಟಿಕೆವಾದ್ಯದ್ದು.

ಮಿಕ್ಕ ನಾಲ್ಕು ಕೃತಿಗಳ ಹಿನ್ನೆಲೆ ಏನು?

'ವಿಲ್ ಓ ದ ವಿಸ್ಪ್' (3:47) ಮಾನುಯೆಲ್ ದೆ ಫಾಯಾ ಅವರ 1915ರ 'ಎಲ್ ಅಮೋರ್ ಬ್ರೂಹೊ' ನೃತ್ಯನಾಟಕದ ಒಂದು ಹಾಡು. ಹೆಸರಿನ ಅರ್ಥ ನಮ್ಮ ಕೊಳ್ಳಿದೆವ್ವ. ಅಟ್ಟಿಸಿಕೊಂಡು ಹೋದರೆ ಓಡುವ, ಓಡಿದರೆ ಅಟ್ಟಿಸಿಕೊಂಡು ಬರುವ ಬೆಳಕಿಗೆ ಪ್ರೀತಿಯನ್ನು ಹೋಲಿಸುವ ಹಾಡು ಅದು.

'ದ ಪ್ಯಾನ್ ಪೈಪರ್' (3:52) ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾ ಪ್ರಾಂತದ್ದು. ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1950ರ ದಶಕದಲ್ಲಿ ಅಲ್ಲಿ ಮುದ್ರಿಸಿಕೊಂಡ ಧಾಟಿಯೊಂದು ಇದರ ಮೂಲ. ಊರೂರು ತಿರುಗಿ ಹಂದಿಗಳ ಬೀಜ ಒಡೆಯುವ ಕಸುಬಿನವರು ತಾವು ಬಂದಿದ್ದೇವೆಂದು ತಿಳಿಸಲು ಊದುತ್ತಿದ್ದ ಸಾಲುಪೀಪಿಯ ಧಾಟಿ ಅದು.

'ಸಯೆಟಾ' (5:06) ಬಗ್ಗೆ ತುಸು ಹೆಚ್ಚು ಹೇಳಬೇಕು. ಸಯೆಟಾ ಎಂದರೆ ಬಾಣ. ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಊರುಗಳಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಏಸು, ಮೇರಿಯರ ಮೂರ್ತಿಗಳ ಮೆರವಣಿಗೆ ಹೊರಡುತ್ತದೆ. ಮುಂದೆ ವಾದ್ಯದವರು. ಯಾರಾದರೂ ಉಪ್ಪರಿಗೆಯ ಮೇಲಿಂದ ಹಾಡಲು ಶುರುಮಾಡಿದರೆ ಮೆರವಣಿಗೆ ಅಲ್ಲೇ ನಿಲ್ಲುತ್ತದೆ; ಪಕ್ಕವಾದ್ಯವಿಲ್ಲದೆ ಒಂಟಿ ಕಂಠ ಮೂರ್ತಿಗೆ ಹಾಡುತ್ತದೆ; ಹಾಡು ಮುಗಿದ ಮೇಲೆ ಮೆರವಣಿಗೆ ಮುಂದೆ ಸಾಗುತ್ತದೆ. ಉತ್ಸವಮೂರ್ತಿ ಮನೆಬಾಗಿಲಲ್ಲಿ ನಿಂತು ಆರತಿ ತೆಗೆದುಕೊಳ್ಳುವುದನ್ನು ನೋಡಿದವರಿಗೆ ಆ ನಿಲುಗಡೆಯ ಮೌನ ಗೊತ್ತು. ಇವಾನ್ಸ್ ಇದನ್ನು ಹಾಗೆಯೇ ಕಟ್ಟಿದ್ದಾರೆ. ಡ್ರಮ್ಮು, ಟ್ರಂಪೆಟ್ಟುಗಳ ನಡಿಗೆ ಬರುತ್ತದೆ, ನಿಲ್ಲುತ್ತದೆ. ಒಂದೇ ಸ್ವರಗುಚ್ಛ ಹಿಡಿದು ನಿಂತ ವೃಂದದ ಮೇಲೆ ಮೈಲ್ಸ್ ಆ ಒಂಟಿ ಕಂಠವಾಗುತ್ತಾರೆ. ಮತ್ತೆ ನಡಿಗೆ. ಇಡೀ ಆಲ್ಬಮ್ಮಿನಲ್ಲಿ ಮೈಲ್ಸ್ ಅತ್ಯಂತ ಬಿಚ್ಚಿ ನುಡಿಸಿರುವುದು ಇಲ್ಲೇ ಎಂದು ನಮ್ಮ ಖಚಿತ ಅಭಿಪ್ರಾಯ.

'ಸೊಲೆಯಾ' (12:15) ಫ್ಲಮೆಂಕೊ ಎಂಬ ಆಂಡಲೂಸಿಯಾ ಸಂಗೀತದ ಹಾಡುಗಾರಿಕೆಯ ಮೂಲಪ್ರಕಾರಗಳಲ್ಲೊಂದರ ಹೆಸರು. ಒಂಟಿತನ ಎಂಬರ್ಥದ ಪದಕ್ಕೆ ನಂಟಿರುವುದು. ಫ್ಲಮೆಂಕೊದ ಸೊಲೆಯಾಗೆ ಹನ್ನೆರಡು ಎಣಿಕೆಯ ಆವರ್ತವಿದೆ, ಒತ್ತು 3, 6, 8, 10, 12ರ ಮೇಲೆ. ಆ ಲೆಕ್ಕ ಹಿಡಿದು ಈ ಕೃತಿಯನ್ನು ಕೇಳಲು ಹೊರಟರೆ ನಿರಾಸೆಯಾಗುತ್ತದೆ. ಇವಾನ್ಸ್ ತೆಗೆದುಕೊಂಡದ್ದು ಆ ಹಾಡುಗಾರಿಕೆಯ ಭಾವ. ಪಟ್ಟುಬಿಡದ ಡ್ರಮ್ಮಿನ ನಡೆಯ ಮೇಲೆ ಮೈಲ್ಸ್ ಹೇಳಿದ್ದನ್ನೇ ಬೇರೆ ಬೇರೆಯಾಗಿ ಹೇಳುತ್ತ ಹೋಗುತ್ತಾರೆ.

ಇದು ಜಾಝ್ ಹೌದೇ?

ಬಿಡುಗಡೆಯಾದಾಗಿನಿಂದ ಈ ಜಗಳ ನಡೆದಿದೆ. ತಕರಾರು ಇರುವುದು ಮುಖ್ಯವಾಗಿ ಮೊದಲ ಕೃತಿಯ ಬಗ್ಗೆ. ಅದರ ಬಹುಪಾಲು ಬರೆದಿಟ್ಟ ಸಂಗೀತ, ಸ್ವಿಂಗ್ ಎಂಬ ಜಾಝ್‌ನ ತೂಗಾಡುವ ನಡೆ ಅಲ್ಪ. ಆದರೆ ಇವಾನ್ಸ್ ಸೇರಿಸಿದ ನಡುಭಾಗದಲ್ಲಿ ಪಾಲ್ ಚೇಂಬರ್ಸ್ ಬಾಸ್ ಹೆಜ್ಜೆಯಿಟ್ಟಾಗ ಮೈಲ್ಸ್ ಮನೋಧರ್ಮಕ್ಕೆ ಇಳಿಯುತ್ತಾರೆ; 'ಸಯೆಟಾ', 'ಸೊಲೆಯಾ'ಗಳಲ್ಲಂತೂ ಬಹುಪಾಲು ಮನೋಧರ್ಮವೇ. ಇದನ್ನು 1959ರಲ್ಲಿ ಅದೇ ಸ್ಟುಡಿಯೊದಲ್ಲಿ ಮುದ್ರಣವಾದ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಪಕ್ಕದಲ್ಲಿಟ್ಟು ಕೇಳಿ. ಅದರ ಕೊನೆಯ ಕೃತಿ 'ಫ್ಲಮೆಂಕೊ ಸ್ಕೆಚಸ್'. ಸ್ವರಗುಚ್ಛಗಳ ಓಟವನ್ನು ಬಿಟ್ಟು ಒಂದೇ ಮೇಳದ ಮೇಲೆ ನಿಂತು ಯೋಚಿಸುವ ಹುಡುಕಾಟ ಎರಡರಲ್ಲೂ ಒಂದೇ.

ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತ ಬಲ್ಲವರಿಗೆ ಇಲ್ಲಿ ಪರಿಚಿತವಾದದ್ದು ಏನಾದರೂ ಇದೆಯೇ?

ಇದೆ, ಆದರೆ ಎಚ್ಚರದಿಂದ. ಆಂಡಲೂಸಿಯಾದ ಸಂಗೀತದ ಬೆನ್ನೆಲುಬಾದ ಫ್ರಿಜಿಯನ್ ಸ್ವರಶ್ರೇಣಿಯ ಸ್ಥಾನಗಳು ನಮ್ಮ ಎಂಟನೆಯ ಮೇಳ ಹನುಮತೋಡಿಯವೇ: ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಹಿಂದೂಸ್ತಾನಿಯಲ್ಲಿ ಭೈರವಿ ಥಾಟ್. ಫ್ಲಮೆಂಕೊದಲ್ಲಿ ಗಾಂಧಾರ ಆಗಾಗ ಅಂತರ ಗಾಂಧಾರಕ್ಕೆ ಏರುತ್ತದೆ, ಆಗ ಸ್ಥಾನಗಳು ಹದಿನಾಲ್ಕನೆಯ ಮೇಳ ವಕುಳಾಭರಣದವಾಗುತ್ತವೆ. ರೊದ್ರಿಗೊ ಅಡಾಜಿಯೊದ ಮೊದಲ ಸಾಲು ಮಾತ್ರ ಬೇರೆ. ಅದು ಮೈನರ್ ಶ್ರೇಣಿ, ನಠಭೈರವಿಯ ಸ್ಥಾನಗಳಿಗೆ ಹತ್ತಿರ.

ಸ್ಥಾನ ಒಂದೇ ಎಂದಮಾತ್ರಕ್ಕೆ ರಾಗ ಒಂದೇ ಅಲ್ಲ. ತೋಡಿಯನ್ನು ತೋಡಿ ಮಾಡುವ ಗಾಂಧಾರದ ಆ ತೂಗು ಇಲ್ಲಿಲ್ಲ. ಮೈಲ್ಸ್ ಸ್ವರವನ್ನು ಅಲುಗಿಸದೆ ಹಿಡಿಯುತ್ತಾರೆ, ಬೇಕಾದಲ್ಲಿ ಕೆಳಗಿನಿಂದ ಜಾರಿಸಿ ತರುತ್ತಾರೆ. ಆದರೆ 'ಸಯೆಟಾ'ದ ನಡುಭಾಗ ಕೇಳುವಾಗ ಶ್ರುತಿಯ ಮೇಲೆ ಆಲಾಪನೆ ಕೇಳಿ ಪಳಗಿದ ಕಿವಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಹಿಡಿದ ನಾದ ಬದಲಾಗದು, ಮೇಲಿನ ದನಿ ಒಂದೊಂದೇ ಸ್ವರವನ್ನು ತಡವುತ್ತ ಏರುತ್ತದೆ. ಈ ಆಲ್ಬಂಗೆ ನಮ್ಮ ಕೇಳುಗರು ಈ ಬಾಗಿಲಿನಿಂದ ಒಳಹೋಗುವುದು ಸುಲಭ.

ಮೈಲ್ಸ್ ನುಡಿಸುವುದು ಟ್ರಂಪೆಟ್ಟೇ? ಕೆಲವೆಡೆ ಬೇರೆ ವಾದ್ಯದಂತೆ ಕೇಳುತ್ತದೆ.

ಎರಡು ವಾದ್ಯ, ಮೂರು ದನಿ. ಮೆತ್ತಗೆ, ದುಂಡಗೆ, ಅಂಚಿಲ್ಲದೆ ಕೇಳುವುದು ಫ್ಲೂಗಲ್‌ಹಾರ್ನ್. ಟ್ರಂಪೆಟ್ಟಿನಷ್ಟೇ ಉದ್ದದ ಕೊಳವೆ, ಅದೇ ಬಿ-ಫ್ಲಾಟ್ ಶ್ರುತಿ. ಆದರೆ ಕೊಳವೆ ಬಾಯಿಂದ ಗಂಟೆಯವರೆಗೆ (ವಾದ್ಯದ ಅಗಲ ತುದಿಯವರೆಗೆ) ಶಂಕುವಿನಂತೆ ಅಗಲವಾಗುತ್ತ ಹೋಗುತ್ತದೆ, ಊದುಬಾಯಿಯ ಬಟ್ಟಲೂ ಆಳ. ಅದರಿಂದ ಮೇಲಿನ ಉಪಸ್ವರಗಳು ಕುಗ್ಗಿ ದನಿ ಮಬ್ಬಾಗುತ್ತದೆ. ತೆರೆದ ಟ್ರಂಪೆಟ್ಟಿನದು ನೇರ, ಹೊಳಪಿನ ದನಿ. ಮೂರನೆಯದು ಹಾರ್ಮನ್ ಮ್ಯೂಟ್ (ದನಿ ತಗ್ಗಿಸಲು ಗಂಟೆಯೊಳಗೆ ಕೂರಿಸುವ ಸಾಧನ) ಹಾಕಿದ ಟ್ರಂಪೆಟ್: ತೆಳ್ಳಗೆ, ಝೇಂಕಾರದಂತೆ, ಕಿವಿಯ ಪಕ್ಕದಲ್ಲೇ ಪಿಸುಗುಟ್ಟಿದಂತೆ.

ಅವರ ಟ್ರಂಪೆಟ್ ಮಾರ್ಟಿನ್ ಕಂಪನಿಯ 'ಕಮಿಟಿ' ಮಾದರಿ, ಊದುಬಾಯಿ ಹೈಮ್ ಮಾದರಿ. ಆದರೆ ಅದೇ ವಾದ್ಯ ಕೊಂಡರೆ ಅದೇ ದನಿ ಬರುವುದಿಲ್ಲ. ಅಲುಗದ ಸ್ವರ ಎಲ್ವುಡ್ ಬ್ಯುಕ್ಯಾನನ್ ಎಂಬ ಶಿಕ್ಷಕರು ಶಾಲಾದಿನಗಳಲ್ಲೇ ಹಾಕಿಕೊಟ್ಟ ಅಭ್ಯಾಸ.

ಹಾರ್ಮನ್ ಮ್ಯೂಟ್ ಕೊಂಡೆ. ಆ ದನಿ ಬರುತ್ತಿಲ್ಲ, ಯಾಕೆ?

ನಾಲ್ಕು ಕಾರಣ ಸಾಮಾನ್ಯ.

ಮೊದಲನೆಯದು ನಡುವಿನ ಸಣ್ಣ ಕೊಳವೆ. ಮ್ಯೂಟ್ ಅಂಗಡಿಯಿಂದ ಬರುವಾಗ ಅದರ ಮಧ್ಯದಲ್ಲಿ ಎಳೆದು ತೆಗೆಯಬಹುದಾದ ಕೊಳವೆಯೊಂದು ಇರುತ್ತದೆ. ಅದಿದ್ದರೆ 'ವಾವಾ' ದನಿ. ಮೈಲ್ಸ್ ಅದನ್ನು ಪೂರ್ತಿ ತೆಗೆದೇ ನುಡಿಸುತ್ತಿದ್ದರು. ಅರ್ಧ ಹೊರಗೆಳೆದರೆ ಸಾಲದು.

ಎರಡನೆಯದು ಬಿರಡೆ. ಬೇರೆ ಮ್ಯೂಟುಗಳಿಗೆ ಬಿರಡೆಯ ಮೂರು ಪಟ್ಟಿಗಳಿದ್ದು ಗಾಳಿ ಪಕ್ಕದಿಂದ ಹೋಗುತ್ತದೆ. ಹಾರ್ಮನ್‌ಗೆ ಸುತ್ತಲೂ ಬಿರಡೆ; ಗಾಳಿಯೆಲ್ಲ ಮ್ಯೂಟಿನ ಒಳಗಿಂದಲೇ ಹೋಗಬೇಕು. ಬಿರಡೆ ಒಣಗಿ ಸಂದು ಬಿಟ್ಟಿದ್ದರೆ ಝೇಂಕಾರ ಸತ್ತು ಬರೀ ಸೋರುವ ಸದ್ದು ಉಳಿಯುತ್ತದೆ. ಹಾಕುವ ಮುಂಚೆ ಗಂಟೆಯೊಳಗೆ ಬಾಯಿಂದ ಬೆಚ್ಚಗೆ ಉಸಿರು ಬಿಟ್ಟು ತೇವ ಮಾಡಿ, ಮ್ಯೂಟನ್ನು ಒತ್ತಿ ಕಾಲು ತಿರುವು ತಿರುಗಿಸಿ. ಬಿಗಿಯಾಗಿ ಕೂರುತ್ತದೆ, ನಡುವೆ ಬೀಳುವುದಿಲ್ಲ.

ಮೂರನೆಯದು ಶ್ರುತಿ. ಹಾರ್ಮನ್ ಹಾಕಿದರೆ ಶ್ರುತಿ ಏರುತ್ತದೆ. ಟ್ಯೂನರ್ ನೋಡಿಕೊಂಡು ಮುಖ್ಯ ಸ್ಲೈಡನ್ನು ಕೆಲವು ಮಿಲಿಮೀಟರ್ ಹೊರಗೆಳೆಯಿರಿ. ತೆಗೆದ ಮೇಲೆ ಮರೆಯದೆ ಒಳಗೆ ತಳ್ಳಿ. ಅಂದಹಾಗೆ ಫ್ಲೂಗಲ್‌ಹಾರ್ನ್‌ಗೆ ಇಂಥ ಸ್ಲೈಡ್ ಇರುವುದಿಲ್ಲ, ಊದುಬಾಯಿ ಕೂರುವ ಕೊಳವೆಯನ್ನೇ ಹಿಂದೆಮುಂದೆ ಸರಿಸಿ ತಿರುಪು ಬಿಗಿಯಬೇಕು. ತಿರುಪು ಸಡಿಲವಿದ್ದರೆ ನುಡಿಸುತ್ತಿರುವಾಗಲೇ ಶ್ರುತಿ ಜಾರುತ್ತದೆ.

ನಾಲ್ಕನೆಯದು, ಎಲ್ಲರೂ ಮರೆಯುವುದು: ಮೈಕ್. ಕೊಳವೆ ತೆಗೆದ ಹಾರ್ಮನ್ ಕೋಣೆಯಲ್ಲಿ ಬಹಳ ಸಣ್ಣ ದನಿ. ರೆಕಾರ್ಡಿನಲ್ಲಿ ಕೇಳುವ ಆ ಸಾಮೀಪ್ಯ ಮೈಕಿನಿಂದ ಬಂದದ್ದು. ಮ್ಯೂಟಿನ ಬಾಯಿಂದ 5–8 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟು, ತುಸು ಪಕ್ಕಕ್ಕೆ ಓರೆ ಮಾಡಿ ನೋಡಿ. ನೇರ ಎದುರಿಗಿಟ್ಟರೆ ಉಸಿರಿನ ಪೆಟ್ಟು ಬೀಳುತ್ತದೆ. ಜೋರಾಗಿ ಊದಿ ದನಿ ತರಲು ಹೋದರೆ ಝೇಂಕಾರ ಕರ್ಕಶವಾಗುತ್ತದೆ, ಬೇರೇನೂ ಆಗುವುದಿಲ್ಲ.

ಎಲ್ಲಿ ಮುದ್ರಣವಾಯಿತು? ಆ ದನಿಯ ವಿಶಾಲತೆ ಎಲ್ಲಿಂದ ಬಂತು?

ನ್ಯೂಯಾರ್ಕಿನ ಪೂರ್ವ 30ನೇ ಬೀದಿ, 207ನೇ ನಂಬರಿನ ಕಟ್ಟಡ. ಹತ್ತೊಂಬತ್ತನೆಯ ಶತಮಾನದ ಚರ್ಚ್ ಅದು. ಕೊಲಂಬಿಯಾ ಅದನ್ನು 1949ರಿಂದ 1981ರವರೆಗೆ ಸ್ಟುಡಿಯೊ ಮಾಡಿಕೊಂಡಿತ್ತು. ಎತ್ತರದ ಚಾವಣಿ, ಮರದ ನೆಲ. ಎಂಜಿನಿಯರ್ ಫ್ರೆಡ್ ಪ್ಲೌಟ್. ಎತ್ತರದ ಕೋಣೆಯಲ್ಲಿ ಹಾರ್ನ್, ಟ್ಯೂಬಾಗಳ ನಾದ ಮೇಲೆ ಹೋಗಿ ತಡವಾಗಿ, ಮೆತ್ತಗಾಗಿ ಇಳಿಯುತ್ತದೆ. ಇವಾನ್ಸ್ ಅವರ ನಿಧಾನದ ಸ್ವರಗುಚ್ಛಗಳಿಗೆ ಅದು ಹೇಳಿ ಮಾಡಿಸಿದ ಜಾಗ. ವೃಂದಕ್ಕೆ ದೂರ, ಮೈಲ್ಸ್‌ಗೆ ಹತ್ತಿರ ಎಂಬ ಅಂತರವೇ ಈ ಆಲ್ಬಮ್ಮಿನ ಧ್ವನಿಚಿತ್ರ.

ಯಾವ ಆವೃತ್ತಿ ಕೊಳ್ಳಬೇಕು?

ಮೊದಲ ಸಲ ಕೇಳುವವರು ಐದೇ ಕೃತಿಗಳ, ಒಟ್ಟು 41 ನಿಮಿಷಗಳ ಮೂಲ ಕ್ರಮದಲ್ಲೇ ಕೇಳಿ. 1997ರ ಸಿ.ಡಿ.ಯಲ್ಲಿ ಮೂರು ಹೆಚ್ಚುವರಿ ಮುದ್ರಣಗಳಿವೆ: 'ಸಾಂಗ್ ಆಫ್ ಅವರ್ ಕಂಟ್ರಿ' ಮತ್ತು ಅಡಾಜಿಯೊದ ಪರ್ಯಾಯ ಟೇಕಿನ ಎರಡು ತುಂಡು. ಅಧ್ಯಯನಕ್ಕೆ ಒಳ್ಳೆಯವು. ಆದರೆ 'ಸೊಲೆಯಾ' ಮುಗಿದ ಕೂಡಲೇ ಇನ್ನೊಂದು ಶುರುವಾದರೆ ಆಲ್ಬಮ್ಮಿನ ಮುಗಿತಾಯ ಹಾಳು. ಅಲ್ಲಿಗೆ ನಿಲ್ಲಿಸಿ. 2009ರ ಎರಡು ಸಿ.ಡಿ.ಗಳ ಆವೃತ್ತಿಯಲ್ಲಿ 1961ರ ಮೇ 19ರಂದು ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಅಡಾಜಿಯೊ ಇದೆ. ಎರಡನ್ನೂ ಹೋಲಿಸಿದರೆ ಸ್ಟುಡಿಯೊದ ನಿಧಾನ ಎಷ್ಟು ಕಷ್ಟದ್ದು ಎಂದು ತಿಳಿಯುತ್ತದೆ. ಇಬ್ಬರೂ ಕೊಲಂಬಿಯಾ ಸ್ಟುಡಿಯೊದಲ್ಲಿ ಮಾಡಿದ ಎಲ್ಲ ಕೆಲಸವೂ ಬೇಕೆಂದರೆ 1996ರ ಆರು ಸಿ.ಡಿ.ಗಳ ಪೆಟ್ಟಿಗೆ.

ಹಳೆಯ ಎಲ್‌ಪಿ ಹುಡುಕುವವರಿಗೆ: ಮೊದಲ ಮುದ್ರಣದ ಮೋನೊ ಸಂಖ್ಯೆ ಸಿಎಲ್ 1480, ಸ್ಟೀರಿಯೊ ಸಂಖ್ಯೆ ಸಿಎಸ್ 8271. ಲೇಬಲ್ಲಿನ ಅಂಚಿನಲ್ಲಿ ಆರು ಕಣ್ಣುಗಳ ಗುರುತಿರಬೇಕು. 1962ರ ನಂತರದ ಮುದ್ರಣಗಳಲ್ಲಿ ಎರಡೇ ಕಣ್ಣು. ಕೊಳ್ಳುವ ಮುಂಚೆ ಎರಡು ಕಡೆ ಕೇಳಿ ನೋಡಿ. ಒಂದು, ಮೊದಲ ಬದಿಯ ಆರಂಭ: ಕ್ಯಾಸ್ಟನೆಟ್ಸ್ ಅಷ್ಟು ಮೆಲ್ಲಗಿರುವುದರಿಂದ ಗೀರಿನ ಪಟಪಟ ಅಲ್ಲೇ ಎದ್ದು ಕೇಳುತ್ತದೆ. ಎರಡು, ಅದೇ ಬದಿಯ ಕೊನೆ: 'ವಿಲ್ ಓ ದ ವಿಸ್ಪ್'. ತಟ್ಟೆಯ ಒಳಸುತ್ತುಗಳಲ್ಲಿ ಗೆರೆಯ ವೇಗ ಕಡಿಮೆ, ತಾರಸ್ವರಗಳು ಅಲ್ಲಿ ಇಕ್ಕಟ್ಟಾಗುತ್ತವೆ. ಸವೆದ ಮುಳ್ಳಿನಲ್ಲಿ ಆಡಿಸಿದ ತಟ್ಟೆಯಾದರೆ ಮ್ಯೂಟಿನ ದನಿ ಹರಿದಂತೆ ಕೇಳುತ್ತದೆ. ಆ ಹಾನಿ ತೊಳೆದರೆ ಹೋಗುವುದಲ್ಲ.

ಮೋನೊ, ಸ್ಟೀರಿಯೊ ಎರಡರಲ್ಲಿ ಈ ಆಲ್ಬಮ್ಮಿಗೆ ಸ್ಟೀರಿಯೊ ಎಂದೇ ನಮ್ಮ ಸಲಹೆ. ಇಪ್ಪತ್ತು ಜನರ ಬಣ್ಣಗಳನ್ನು ಬೇರೆ ಬೇರೆಯಾಗಿ ಕೇಳಲು ಅಗಲ ಬೇಕು.

ಕೇಳಲು ಕುಳಿತರೆ ನಿದ್ದೆ ಬರುತ್ತದೆ. ಹೇಗೆ ಕೇಳಬೇಕು?

ಬಹಳ ಸಲ ತಪ್ಪು ಕೇಳುಗರದಲ್ಲ, ಸ್ಪೀಕರಿನದು. ಈ ಆಲ್ಬಮ್ಮಿನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ಅಂತರ ದೊಡ್ಡದು. ಚಿಕ್ಕ ಬ್ಲೂಟೂತ್ ಸ್ಪೀಕರಿನಲ್ಲಿ ಟ್ಯೂಬಾ, ಬಾಸ್ ಕ್ಲಾರಿನೆಟ್ ಇರುವುದೇ ತಿಳಿಯದು. ಕೆಳಗಿನ ಹಾಸು ಹೋದಮೇಲೆ ಉಳಿಯುವುದು ಒಂಟಿ ಟ್ರಂಪೆಟ್, ಅದು ಬೇಸರವೇ. ಕಾರಿನಲ್ಲೂ ಬೇಡ, ಮಿಕ್ಸಿ ಓಡುವ ಹೊತ್ತಿನಲ್ಲೂ ಬೇಡ. ಹೆಡ್‌ಫೋನ್ ಹಾಕಿ, ಹಾಡುಗಳ ಮಟ್ಟ ಸಮ ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಅಡಾಜಿಯೊದ ಶುರುವಿನ ಕ್ಯಾಸ್ಟನೆಟ್ಸ್ ಸ್ಪಷ್ಟವಾಗಿ ಕೇಳುವಷ್ಟು ವಾಲ್ಯೂಮ್ ಇಡಿ. ಆಮೇಲೆ ಮುಟ್ಟಬೇಡಿ.

ಮೊದಲ ಸಲ 'ಸಯೆಟಾ' ಒಂದನ್ನೇ. ಎರಡನೆಯ ಸಲ 'ವಿಲ್ ಓ ದ ವಿಸ್ಪ್'. ಮೂರನೆಯ ಸಲ ಅಡಾಜಿಯೊ, ಮೈಲ್ಸ್‌ರನ್ನು ಹಿಂಬಾಲಿಸದೆ: ಅತಿ ಕೆಳಗಿನ ದನಿಯನ್ನು ಮಾತ್ರ ಹಿಡಿದು ಹೋಗಿ. ಟ್ಯೂಬಾ ತಳಪಾಯ ಹಾಕಿ ಸುಮ್ಮನಿರುವುದಿಲ್ಲ, ತನ್ನದೇ ರಾಗ ಹಾಡುತ್ತದೆ ಎಂದು ಆಗ ಗೊತ್ತಾಗುತ್ತದೆ. ಆಮೇಲೆ ಫ್ಲೂಟುಗಳನ್ನು ಹಿಂಬಾಲಿಸಿ. ಇಡೀ ಆಲ್ಬಂ ಒಟ್ಟಿಗೆ ಕೇಳುವುದು ಇದಾದ ಮೇಲೆ. ಮೂಲ ಗಿಟಾರ್ ಕೃತಿಯನ್ನು ಮುಂಚೆ ಕೇಳುವುದಕ್ಕಿಂತ ನಂತರ ಕೇಳುವುದು ಒಳ್ಳೆಯದು. ಮುಂಚೆ ಕೇಳಿದರೆ ಕಿವಿ ಗಿಟಾರನ್ನೇ ಹುಡುಕುತ್ತದೆ.

ನಮ್ಮ ಚಿಕ್ಕ ವೃಂದ ಇದನ್ನು ನುಡಿಸಬಹುದೇ? ಇಪ್ಪತ್ತು ಜನ ಇಲ್ಲ.

ಹತ್ತು ಹನ್ನೆರಡು ಜನರಲ್ಲಿ ಮರ್ಯಾದೆಯಾಗಿ ನುಡಿಸಬಹುದು. ಮುಖ್ಯ ಟ್ರಂಪೆಟ್ ಅಥವಾ ಫ್ಲೂಗಲ್‌ಹಾರ್ನ್ 1, ಸಾಲಿನ ಟ್ರಂಪೆಟ್ 2, ಹಾರ್ನ್ 1, ಟ್ರಾಂಬೋನ್ 1, ಫ್ಲೂಟ್ 2, ಕ್ಲಾರಿನೆಟ್ 1, ಬಾಸ್ ಕ್ಲಾರಿನೆಟ್ 1, ಟ್ಯೂಬಾ 1, ಬಾಸ್ 1, ತಾಳವಾದ್ಯ 1. ಬೇಕಾದರೆ ಬಿಡಬಹುದಾದದ್ದು ಟ್ರಂಪೆಟ್ ಸಾಲು, ಬಿಡಲೇಬಾರದ್ದು ಬಾಸ್ ಕ್ಲಾರಿನೆಟ್ ಮತ್ತು ಟ್ಯೂಬಾ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ; ಆಮೇಲೆ ದನಿ ತೆಳುವಾಯಿತೆಂದು ಕೀಬೋರ್ಡಿನಲ್ಲಿ ಪಿಟೀಲಿನ ನಾದ ತುಂಬುತ್ತಾರೆ. ದಯವಿಟ್ಟು ಅದು ಬೇಡ. ಪಿಟೀಲಿನ ಹಾಸು ಬಂದ ಕ್ಷಣ ಇವಾನ್ಸ್ ಖಾಲಿ ಬಿಟ್ಟ ಜಾಗವೆಲ್ಲ ಮುಚ್ಚಿಹೋಗುತ್ತದೆ. ಹಾರ್ಪ್ ಇಲ್ಲದಿದ್ದರೆ ಪಿಯಾನೊದಲ್ಲಿ ಪೆಡಲ್ ಒತ್ತಿ, ಬೆರಳೆಣಿಕೆಯ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸಿದರೆ ಸಾಕು.

ಕೆಡುವ ಜಾಗಗಳು ಇವು. ಫ್ಲೂಟಿನ ಕೆಳಗಿನ ಅಷ್ಟಕ ಬಹಳ ಬಲಹೀನ. ಒಂದೇ ಫ್ಲೂಟಿಗೆ ಕೊಟ್ಟರೆ ಕೇಳುವುದಿಲ್ಲ. ಎರಡು ಫ್ಲೂಟು ಒಂದೇ ಸ್ವರ ಹಿಡಿಯಲಿ, ಪಕ್ಕದ ಟ್ರಂಪೆಟ್ ಮ್ಯೂಟ್ ಹಾಕಲಿ. ಹಾರ್ನಿನ ಗಂಟೆ ಹಿಂದಕ್ಕೆ ತಿರುಗಿರುತ್ತದೆ. ಹಿಂದೆ ಬಟ್ಟೆಯ ಪರದೆಯಿದ್ದರೆ ದನಿ ಅಲ್ಲೇ ಇಂಗುತ್ತದೆ, ಗಟ್ಟಿ ಗೋಡೆ ತೀರಾ ದೂರವಿದ್ದರೆ ತಾಳಕ್ಕೆ ಹಿಂದೆ ಬಿದ್ದಂತೆ ಕೇಳುತ್ತದೆ. ಒಂದೆರಡು ಮೀಟರ್ ಹಿಂದೆ ಮರದ ಹಲಗೆ ನಿಲ್ಲಿಸಿ. ಸ್ವರವನ್ನು ಅಲುಗಿಸುವ ಅಭ್ಯಾಸ ಎಲ್ಲರೂ ಬಿಡಬೇಕು. ಒಬ್ಬರು ಅಲುಗಿಸಿದರೂ ಹತ್ತಿರದ ಸ್ವರಗಳ ಗುಚ್ಛ ಕಲಸಿಹೋಗುತ್ತದೆ. ತಾಲೀಮಿನಲ್ಲಿ ಮೊದಲ ಹದಿನೈದು ನಿಮಿಷ ಬರೀ ಉದ್ದ ಸ್ವರಗಳನ್ನು ಟ್ಯೂನರ್ ಎದುರು ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಕಾಲ ಓಡುವುದು ಇನ್ನೊಂದು ರೋಗ: ಖಾಲಿ ಜಾಗ ಕಂಡಕೂಡಲೇ ಕೈ ಮುಂದೆ ಹೋಗುತ್ತದೆ. ಬಾಸ್ ನುಡಿಸುವವರನ್ನು ವೃಂದದ ನಟ್ಟನಡುವೆ, ಎಲ್ಲರಿಗೂ ಕೇಳುವಂತೆ ನಿಲ್ಲಿಸಿ.

ಟ್ರಂಪೆಟ್‌ನವರಿಗೆ ಇನ್ನೊಂದು ಮಾತು. ರೊದ್ರಿಗೊ ಮೂಲ ಬಿ ಮೈನರ್‌ನಲ್ಲಿದೆ. ಬಿ-ಫ್ಲಾಟ್ ವಾದ್ಯಕ್ಕೆ ಬರೆದಾಗ ಅದು ಸಿ ಶಾರ್ಪ್ ಮೈನರ್, ಅಂದರೆ ನಾಲ್ಕು ಶಾರ್ಪ್. ಕೆಳಗಿನ ಸಿ ಶಾರ್ಪ್‌ಗೆ ಮೂರೂ ವಾಲ್ವ್ ಒತ್ತಬೇಕು, ಆ ಸ್ವರ ತಾನಾಗಿಯೇ ಏರುಶ್ರುತಿ. ರಾಗದ ಆಧಾರಸ್ವರವೇ ಅದಾದ್ದರಿಂದ ಮೂರನೆಯ ವಾಲ್ವಿನ ಸ್ಲೈಡ್ ಹೊರಗೆ ತಳ್ಳುವುದನ್ನು ಮರೆತರೆ ಶುರುವಿನಲ್ಲೇ ಬಣ್ಣ ಬಯಲು.

ಪ್ರದರ್ಶನಕ್ಕೆ ಅನುಮತಿ ಬೇಕೇ? ವಿಡಿಯೊಗೆ ಈ ಮುದ್ರಣ ಬಳಸಬಹುದೇ?

ಎರಡು ಹಕ್ಕುಗಳನ್ನು ಬೇರೆಯಾಗಿ ನೋಡಿ. ರಚನೆಯ ಹಕ್ಕು ಭಾರತದಲ್ಲಿ ರಚನಕಾರರು ತೀರಿಕೊಂಡ ನಂತರ 60 ವರ್ಷ. ಫಾಯಾ ತೀರಿಕೊಂಡದ್ದು 1946ರಲ್ಲಿ, ಅವರ ಮೂಲ ಹಾಡಿನ ಅವಧಿ ಮುಗಿದಿದೆ. ರೊದ್ರಿಗೊ ತೀರಿಕೊಂಡದ್ದು 1999ರಲ್ಲಿ, ಇವಾನ್ಸ್ 1988ರಲ್ಲಿ. ಇವರ ಹಕ್ಕು ಜೀವಂತ. ಆದ್ದರಿಂದ ಅಡಾಜಿಯೊ ಸಾರ್ವಜನಿಕವಾಗಿ ನುಡಿಸಲು ಪರವಾನಗಿ ಬೇಕು, ಹೊಸದಾಗಿ ಹೊಂದಿಸಿ ಬರೆಯಲು ಪ್ರಕಾಶಕರ ಒಪ್ಪಿಗೆ ಬೇಕು. ಫಾಯಾ ಹಾಡನ್ನು ಮೂಲದಿಂದ ನೀವೇ ಹೊಂದಿಸಿಕೊಂಡರೆ ಆ ತೊಂದರೆ ಇಲ್ಲ. ಇವಾನ್ಸ್ ಹೊಂದಿಸಿದ್ದನ್ನು ನಕಲು ಮಾಡಿದರೆ ಇದೆ.

ಧ್ವನಿಮುದ್ರಣದ ಹಕ್ಕು ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ, ಯುರೋಪಿನಲ್ಲಿ ಆ ಕಾಲದ ಮುದ್ರಣಗಳಿಗೆ 50 ವರ್ಷ. ಆನ್‌ಲೈನ್‌ನಲ್ಲಿ ಅಗ್ಗದ ಯುರೋಪಿಯನ್ ಪ್ರತಿಗಳು ಅಷ್ಟೊಂದು ಸಿಗುವುದು ಅದಕ್ಕೇ. ಮೂಲ ಟೇಪ್ ಕೈಗೆ ಸಿಗದವರು ಮಾಡಿದ ಪ್ರತಿಗಳಾದ್ದರಿಂದ ಗುಣಮಟ್ಟ ನಂಬುವಂತಿಲ್ಲ. ಅಮೆರಿಕದಲ್ಲಿ ಮಾತ್ರ 1957ರಿಂದ 1972ರ ಫೆಬ್ರುವರಿವರೆಗಿನ ಮುದ್ರಣಗಳಿಗೆ 2067ರ ತನಕ ರಕ್ಷಣೆ ಇದೆ. ಹಾಗಾಗಿ ಯೂಟ್ಯೂಬಿಗೆ ಹಾಕಿದರೆ ಹಕ್ಕಿನ ತಕರಾರು ಬರುವುದು ಸಹಜ.

ಇದು ಹಿಡಿಸಿತು. ಮುಂದೆ ಏನು ಕೇಳಲಿ?

'ಮೈಲ್ಸ್ ಅಹೆಡ್' ಮೊದಲು. ಅದರಲ್ಲಿ ಮೈಲ್ಸ್ ಉದ್ದಕ್ಕೂ ಫ್ಲೂಗಲ್‌ಹಾರ್ನ್ ನುಡಿಸಿದ್ದಾರೆ, ಕೃತಿಗಳು ಒಂದಕ್ಕೊಂದು ಕೊಂಡಿಯಾಗಿ ಸಾಗುತ್ತವೆ. ಆಮೇಲೆ 'ಪೋರ್ಗಿ ಆ್ಯಂಡ್ ಬೆಸ್'. 1962ರಲ್ಲಿ ಶುರುವಾದ 'ಕ್ವಯಟ್ ನೈಟ್ಸ್' ಅರೆಬರೆ ಕೆಲಸ, ಅವಸರವಿಲ್ಲ. ಕೊನೆಗೆ ಕ್ವಿನ್ಸಿ ಜೋನ್ಸ್ ನಡೆಸಿದ ವೃಂದದೊಂದಿಗೆ 1991ರ ಜುಲೈ 8ರಂದು ಸ್ವಿಟ್ಜರ್‌ಲೆಂಡಿನ ಮಾಂತ್ರೊ ಉತ್ಸವದಲ್ಲಿ ನಡೆದ ಕಛೇರಿ. ಹಳೆಯದನ್ನು ತಿರುಗಿ ನೋಡುವುದಿಲ್ಲ ಎಂದು ದಶಕಗಳ ಕಾಲ ಪಟ್ಟು ಹಿಡಿದಿದ್ದ ಮೈಲ್ಸ್ ಅಲ್ಲಿ ಇವಾನ್ಸ್ ಬರೆದದ್ದನ್ನೇ ಮತ್ತೆ ನುಡಿಸಿದರು; 'ದ ಪ್ಯಾನ್ ಪೈಪರ್', 'ಸೊಲೆಯಾ' ಎರಡೂ ಇವೆ. ಇವಾನ್ಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಮೈಲ್ಸ್ ಉಸಿರು ಚಿಕ್ಕದಾಗಿದೆ, ಕಷ್ಟದ ಸಾಲುಗಳಲ್ಲಿ ಪಕ್ಕದಲ್ಲಿ ನಿಂತ ಕಿರಿಯ ಟ್ರಂಪೆಟ್ ವಾದಕ ವ್ಯಾಲೆಸ್ ರೋನಿ ಕೈಹಿಡಿಯುತ್ತಾರೆ. ಅದೇ ಸೆಪ್ಟೆಂಬರ್ 28ರಂದು ಮೈಲ್ಸ್ ತೀರಿಕೊಂಡರು.